ಹಿಂಸೆಗೆ ಅಂಜಿ ಕಡಲು ದಾಟಿದವರೇ ಬಾಸ್ಟನ್ನಿನಲ್ಲಿ ಗಲ್ಲು ನೆಟ್ಟದ್ದೇಕೆ?

ಬಾಸ್ಟನ್ ಪಕ್ಕದೂರಿನವನು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಊರಿನಿಂದ ಬಂದಿದ್ದ ಅಪ್ಪ ಅಮ್ಮನಿಗೆ ಬಾಸ್ಟನ್ ತೋರಿಸುತ್ತ ಮ್ಯಾಸಚೂಸೆಟ್ಸ್ ಶಾಸನಸಭೆಯ ಕಟ್ಟಡದ ಬಳಿ ಹೋಗಿದ್ದೆ. ಚಿನ್ನದ ಗುಮ್ಮಟದ ಆ ಕಟ್ಟಡದ ಮುಂದೆ ಇಬ್ಬರು ಹೆಂಗಸರ ಕಂಚಿನ ಪ್ರತಿಮೆಗಳಿವೆ. ಒಬ್ಬಾಕೆ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುಖವೆತ್ತಿ ನಿಂತಿದ್ದಾರೆ. ಆಕೆ ಆನ್ ಹಚಿನ್ಸನ್, 1638ರಲ್ಲಿ ಈ ವಸಾಹತಿನಿಂದ ಗಡೀಪಾರಾದವರು. ಇನ್ನೊಬ್ಬಾಕೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾರೆ. ಆಕೆ ಮೇರಿ ಡಯರ್. 1660ರಲ್ಲಿ ಆಕೆಯನ್ನು ಬಾಸ್ಟನ್ ಕಾಮನ್ ಮೈದಾನದಲ್ಲಿ ಗಲ್ಲಿಗೇರಿಸಿದರೆಂದು ಪೀಠದ ಮೇಲೆ ಬರೆದಿದೆ.

ಅಮ್ಮ ಆ ಕುಳಿತ ಪ್ರತಿಮೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ, "ಯಾರು ಕೊಂದದ್ದು, ಇಂಗ್ಲೆಂಡಿನ ರಾಜನೇ?" ಎಂದು ಕೇಳಿದರು. ಅಲ್ಲ, ಈ ಊರು ಕಟ್ಟಿದವರೇ ಎಂದೆ. "ಅವರೂ ಧರ್ಮದ ಕಾಟ ತಾಳಲಾರದೆ ಇಲ್ಲಿಗೆ ಬಂದವರು ಅಂತ ನಿನ್ನೆ ನೀನೇ ಹೇಳಿದೆಯಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹನ್ನೊಂದು ವರ್ಷ ಇಲ್ಲಿದ್ದೂ ಇದನ್ನು ಸರಿಯಾಗಿ ಓದಿಕೊಂಡಿಲ್ಲ ಎಂಬುದು ಅಂದು ನನಗೆ ತಿಳಿಯಿತು. ತಾವು ನೋವುಂಡದ್ದು ನೆನಪಿರುವಾಗಲೇ ಅದೇ ನೋವನ್ನು ಮತ್ತೊಬ್ಬರಿಗೆ ಕೊಡಲು ಅವರಿಗೆ ಹೇಗೆ ಸಾಧ್ಯವಾಯಿತು? ಬಲ್ಲವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಇತಿಹಾಸ ಮೇಷ್ಟ್ರು

ನಿಮ್ಮ ತಾಯಿಯವರ ಪ್ರಶ್ನೆ ಸರಿಯಾದದ್ದು. ಆದರೆ ಅದರೊಳಗೆ ನಾವೆಲ್ಲ ಶಾಲೆಯಲ್ಲಿ ಕಲಿತ ಒಂದು ತಪ್ಪು ಕುಳಿತಿದೆ. ಬಾಸ್ಟನ್ ಕಟ್ಟಿದ ಪ್ಯೂರಿಟನ್ನರು ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಅಮೆರಿಕಕ್ಕೆ ಹೋದರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ, ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಅವರು ಅರಸಿದ್ದು ಸ್ವಾತಂತ್ರ್ಯವನ್ನಲ್ಲ, ಶುದ್ಧಿಯನ್ನು. ಇಂಗ್ಲೆಂಡಿನ ಸಭೆಯಲ್ಲಿ, ಅಂದರೆ ಅಲ್ಲಿನ ಅಧಿಕೃತ ಚರ್ಚಿನಲ್ಲಿ, ರೋಮನ್ ಕ್ಯಾಥೊಲಿಕ್ ಪದ್ಧತಿಯ ಕಲ್ಮಶ ಇನ್ನೂ ಉಳಿದಿದೆ, ಅದನ್ನು ತೊಳೆಯಬೇಕು ಎಂಬುದು ಅವರ ವಾದ. ಎಲ್ಲರಿಗೂ ಅವರವರ ದಾರಿ ಇರಲಿ ಎಂದು ಅವರಲ್ಲಿ ಮುಖ್ಯರಾದ ಯಾರೂ ಹೇಳಿರಲಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1534ರಲ್ಲಿ ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ತಳ್ಳಿಹಾಕಿ ತಾನೇ ಇಂಗ್ಲೆಂಡಿನ ಸಭೆಯ ಮುಖ್ಯಸ್ಥನಾದ. ಅಂದಿನಿಂದ ರಾಜನ ಮತವನ್ನು ಒಪ್ಪದಿರುವುದು ರಾಜನನ್ನೇ ಒಪ್ಪದಿರುವುದಕ್ಕೆ ಸಮವಾಯಿತು. ಮಗಳು ಮೇರಿ ದೇಶವನ್ನು ಮತ್ತೆ ರೋಮಿನ ಕಡೆಗೆ ತಿರುಗಿಸಿ, 1555ರಿಂದ 1558ರವರೆಗೆ ಸುಮಾರು 280 ಪ್ರೊಟೆಸ್ಟಂಟರನ್ನು ಸುಡಿಸಿದಳು. ಎಲಿಜಬೆತ್ ಬಂದು ಮತ್ತೆ ತಿರುಗಿಸಿದಳು, ಒಂದೇ ಪ್ರಾರ್ಥನಾ ಪುಸ್ತಕ, ಒಂದೇ ಕ್ರಮ ಎಂದು ವಿಧಿಸಿದಳು. ಈ ಇಡೀ ಕಾಲದಲ್ಲಿ ಯಾವ ಪಕ್ಷಕ್ಕೂ ಒಂದು ವಿಷಯದಲ್ಲಿ ಸಂಶಯವಿರಲಿಲ್ಲ: ಒಂದು ರಾಜ್ಯದಲ್ಲಿ ಒಂದೇ ಮತವಿರಬೇಕು, ಇಲ್ಲವಾದರೆ ರಾಜ್ಯ ಒಡೆಯುತ್ತದೆ. ಯಾವ ಮತ ಎಂಬುದಷ್ಟೇ ಜಗಳ.

1633ರಲ್ಲಿ ವಿಲಿಯಂ ಲಾಡ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಮೇಲೆ ಪ್ಯೂರಿಟನ್ ಬೋಧಕರಿಗೆ ಉಸಿರು ಕಟ್ಟಿತು. 1637ರ ಜೂನಿನಲ್ಲಿ ಬಿಷಪ್‌ಗಳ ವಿರುದ್ಧ ಬರೆದದ್ದಕ್ಕಾಗಿ ಪ್ರಿನ್ ಎಂಬ ವಕೀಲ, ಬರ್ಟನ್ ಎಂಬ ಪಾದ್ರಿ, ಬ್ಯಾಸ್ಟ್‌ವಿಕ್ ಎಂಬ ವೈದ್ಯ ಈ ಮೂವರನ್ನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕುತ್ತಿಗೆ ಹಲಗೆಗೆ ಸಿಕ್ಕಿಸಿ ನಿಲ್ಲಿಸಿ ಕಿವಿ ಕತ್ತರಿಸಿದರು. ಪ್ರಿನ್‌ನ ಕಿವಿಗಳನ್ನು ಮೂರು ವರ್ಷ ಮೊದಲೇ ಒಮ್ಮೆ ಕತ್ತರಿಸಿದ್ದರು, ಈ ಬಾರಿ ಉಳಿದ ಚೂರುಗಳನ್ನೂ ತೆಗೆದರು. ಜನ ಸುತ್ತ ನಿಂತು ಅತ್ತರು. ಮುಂದಿನ ತಿಂಗಳೇ ಎಡಿನ್‌ಬರೋದಲ್ಲಿ ಹೊಸ ಪ್ರಾರ್ಥನಾ ಪುಸ್ತಕ ಓದಲು ಹೋದಾಗ ದಂಗೆಯೆದ್ದಿತು. ಆ ಕಿಡಿ ಸ್ಕಾಟ್ಲೆಂಡಿನ ಯುದ್ಧವಾಗಿ, 1642ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧವಾಗಿ, 1649ರ ಜನವರಿ 30ರಂದು ಒಂದನೆಯ ಚಾರ್ಲ್ಸನ ತಲೆ ಉರುಳುವವರೆಗೂ ಹೋಯಿತು.

ಕಿವಿ ಕತ್ತರಿಸಿದ ಆ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1658ರಲ್ಲಿ ಬಾಸ್ಟನ್ನಿನ ಪ್ಯೂರಿಟನ್ ಸರ್ಕಾರ ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಮೂವರು ಬೋಧಕರಿಗೆ ಶಿಕ್ಷೆ ವಿಧಿಸಿದಾಗ ಕತ್ತರಿಸಿದ್ದೂ ಕಿವಿಯನ್ನೇ.

ನಿಮ್ಮ ಪ್ರಶ್ನೆಗೆ ನನ್ನ ಚಿಕ್ಕ ಉತ್ತರ ಇದು: ಅವರು ತಮ್ಮ ತತ್ವಕ್ಕೆ ದ್ರೋಹ ಬಗೆಯಲಿಲ್ಲ. ಅವರ ತತ್ವವೇ ಅದಾಗಿತ್ತು. ಇಂಗ್ಲೆಂಡಿನಲ್ಲಿ ಅವರಿಗೆ ನೋವಾದದ್ದು ಸತ್ಯಕ್ಕೆ ಶಿಕ್ಷೆಯಾಯಿತಲ್ಲ ಎಂದು. ಸುಳ್ಳಿಗೆ ಶಿಕ್ಷೆಯಾಗುವುದರಲ್ಲಿ ಅವರಿಗೆ ಆಕ್ಷೇಪವಿರಲಿಲ್ಲ.

ಕಾನೂನು ವಿದ್ಯಾರ್ಥಿನಿ

ಮೇಷ್ಟ್ರೇ, ನೀವು ಹೇಳಿದ ಮಾತಿಗೆ ಆ ಕಾಲದ ಒಂದು ಲಿಖಿತ ವಾದವೇ ಇದೆ. ಬಾಸ್ಟನ್ನಿನ ಅತ್ಯಂತ ಗೌರವಾನ್ವಿತ ಬೋಧಕ ಜಾನ್ ಕಾಟನ್ ಅದನ್ನು ಮುಂದಿಟ್ಟರು. ಅವರ ತರ್ಕ ಹೀಗೆ ಸಾಗುತ್ತದೆ. ಮೂಲಭೂತವಾದ ಸತ್ಯಗಳು ದೇವರ ವಾಕ್ಯದಲ್ಲಿ ಎಷ್ಟು ನಿಚ್ಚಳವಾಗಿವೆಯೆಂದರೆ, ಒಂದೆರಡು ಸಲ ತಿಳಿಹೇಳಿದ ಮೇಲೆ ಯಾವ ಮನುಷ್ಯನ ಅಂತಃಸಾಕ್ಷಿಯೂ ಅದನ್ನು ಒಳಗೊಳಗೇ ಒಪ್ಪದೆ ಇರಲಾರದು. ಆಮೇಲೂ ಹಟ ಹಿಡಿದರೆ ಆತ ತನ್ನ ಅಂತಃಸಾಕ್ಷಿಗೇ ವಿರುದ್ಧವಾಗಿ ಪಾಪ ಮಾಡುತ್ತಿದ್ದಾನೆ ಎಂದಾಯಿತು. ಆದ್ದರಿಂದ ಅವನನ್ನು ಶಿಕ್ಷಿಸುವುದು ಅಂತಃಸಾಕ್ಷಿಯ ಕಾರಣಕ್ಕಾಗಿ ಕೊಡುವ ಹಿಂಸೆಯಾಗುವುದಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಚಳಿ ಹತ್ತಿದಂತಾಯಿತು. ಎದುರಿಗಿರುವವನ ಭಿನ್ನಾಭಿಪ್ರಾಯವನ್ನೇ ಇದು ಅಳಿಸಿಹಾಕುತ್ತದೆ. ನೀನು ನನ್ನನ್ನು ಒಪ್ಪಿಯೇ ಇದ್ದೀಯೆ, ಒಪ್ಪಿಲ್ಲವೆಂದು ನಟಿಸುತ್ತಿದ್ದೀಯೆ ಎಂದು ನ್ಯಾಯಾಧೀಶನೇ ಹೇಳಿದರೆ ಆರೋಪಿ ಏನು ಮಾತನಾಡಬಲ್ಲ?

ಹಚಿನ್ಸನ್ ಅವರ ವಿಚಾರಣೆಯನ್ನು ಈ ಬೆಳಕಿನಲ್ಲಿ ನೋಡಬೇಕು. 1637ರ ನವೆಂಬರ್, ಇಂದಿನ ಕೇಂಬ್ರಿಜ್ ಆಗಿರುವ ನ್ಯೂಟೌನ್. ಆಕೆಗೆ 46 ವರ್ಷ. ಸೂಲಗಿತ್ತಿಯಾಗಿ ಊರಿನ ಹೆಂಗಸರಿಗೆಲ್ಲ ಬೇಕಾದವರು. ಭಾನುವಾರದ ಬೋಧನೆಯನ್ನು ಚರ್ಚಿಸಲು ಆಕೆ ಮನೆಯಲ್ಲಿ ವಾರ ವಾರ ಕೂಟ ನಡೆಸುತ್ತಿದ್ದರು, ಅರವತ್ತಕ್ಕೂ ಹೆಚ್ಚು ಮಂದಿ ಸೇರುತ್ತಿದ್ದರು. ಗವರ್ನರ್ ಜಾನ್ ವಿಂಥ್ರಾಪ್ ಅವರೇ ಆಪಾದನೆ ಮಾಡಿದವರು, ಅವರೇ ಪ್ರಶ್ನೆ ಕೇಳಿದವರು, ತೀರ್ಪು ಓದಿದವರೂ ಅವರೇ. ಆಕೆಗೆ ವಕೀಲರಿರಲಿಲ್ಲ. ಮೊದಲ ದಿನ ಆಕೆ ಒಂದೊಂದು ಪ್ರಶ್ನೆಗೂ ಬೈಬಲಿನ ವಾಕ್ಯದಿಂದಲೇ ಉತ್ತರ ಕೊಟ್ಟರು. ಕೂಟ ನಡೆಸಲು ನಿನಗೆ ಅಧಿಕಾರ ಎಲ್ಲಿದೆ ಎಂದಾಗ, ವಯಸ್ಸಾದ ಸ್ತ್ರೀಯರು ಕಿರಿಯರಿಗೆ ಬೋಧಿಸಬೇಕೆಂದು ಬೈಬಲಿನಲ್ಲಿ ತೀತನಿಗೆ ಬರೆದ ಪತ್ರದಲ್ಲಿದೆಯಲ್ಲ ಎಂದರು. ನನ್ನ ಮೇಲಿನ ಆರೋಪವೇನು ಎಂದು ಮತ್ತೆ ಮತ್ತೆ ಕೇಳಿದರು. ಎರಡನೆಯ ದಿನ ಕಾಟನ್ ಆಕೆಯ ಪರವಾಗಿಯೇ ಸಾಕ್ಷಿ ಹೇಳಿ, ಪ್ರಕರಣ ಸಡಿಲಗೊಂಡಿತ್ತು. ಆಗ ಆಕೆ, ದೇವರು ತನಗೆ ನೇರವಾಗಿ ತಿಳಿಸಿಕೊಡುತ್ತಾನೆ, ಈ ಕೃತ್ಯಕ್ಕಾಗಿ ನಿಮಗೂ ನಿಮ್ಮ ಸಂತತಿಗೂ ಕೇಡು ಬರುತ್ತದೆ ಎಂದು ತಾವಾಗಿಯೇ ನುಡಿದರು. ನ್ಯಾಯಾಲಯಕ್ಕೆ ಬೇಕಾಗಿದ್ದದ್ದು ಸಿಕ್ಕಿತು. ನಮ್ಮ ಸಮಾಜಕ್ಕೆ ತಕ್ಕವಳಲ್ಲದ ಹೆಂಗಸು ಎಂದು ಗಡೀಪಾರು ಮಾಡಿದರು. ಯಾವ ಕಾರಣಕ್ಕೆ ಎಂದು ಆಕೆ ಆಗಲೂ ಕೇಳಿದರು. ಕಾರಣ ನ್ಯಾಯಾಲಯಕ್ಕೆ ಗೊತ್ತಿದೆ, ತೃಪ್ತಿಯೂ ಆಗಿದೆ ಎಂಬರ್ಥದ ಉತ್ತರ ಬಂತು.

ಈ ಕೊನೆಯ ಪ್ರಶ್ನೋತ್ತರವನ್ನು ನಮ್ಮ ತರಗತಿಯಲ್ಲಿ ಯಾರಾದರೂ ಓದಿಸಬೇಕೆಂದು ನನಗೆ ಬಹಳ ಆಸೆ.

ಬಲ್ಮಠದ ಓದುಗ

ಕಾನೂನಿನ ಕಣ್ಣಿನಿಂದ ನೋಡಿದರೆ ನೀವು ಬರೆದದ್ದೆಲ್ಲ ಸರಿ, ತಂಗಿ. ಆದರೆ ಜಗಳ ಯಾತಕ್ಕಾಗಿ ಎಂಬುದನ್ನು ಬಿಟ್ಟು ವಿಚಾರಣೆಯನ್ನಷ್ಟೇ ಓದಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ ಎಂದು ನನಗನ್ನಿಸುತ್ತದೆ. ನಾನು ಮಂಗಳೂರಿನ ಬಾಸೆಲ್ ಮಿಷನ್ ಮೂಲದ ಕುಟುಂಬದವನು, "ಕೃಪೆ", "ಒಡಂಬಡಿಕೆ", "ಸತ್ಕ್ರಿಯೆ" ಎಂಬ ಶಬ್ದಗಳನ್ನು ಚಿಕ್ಕಂದಿನಿಂದ ಕನ್ನಡದ ಬೋಧನೆಯಲ್ಲಿ ಕೇಳುತ್ತ ಬೆಳೆದವನು. ಹಚಿನ್ಸನ್ ಎತ್ತಿದ ಪ್ರಶ್ನೆ ಈ ಮೂರು ಶಬ್ದಗಳ ನಡುವಿನದು.

ಮನುಷ್ಯನಿಗೆ ರಕ್ಷಣೆ ಸಿಗುವುದು ದೇವರ ಕೃಪೆಯಿಂದಲೇ, ತನ್ನ ಒಳ್ಳೆಯ ನಡತೆಯಿಂದಲ್ಲ ಎಂಬುದನ್ನು ಎಲ್ಲ ಪ್ಯೂರಿಟನ್ನರೂ ಒಪ್ಪುತ್ತಿದ್ದರು. ಆದರೆ ಕೃಪೆ ದೊರೆತಿದೆ ಎಂದು ತಿಳಿಯುವುದು ಹೇಗೆ? ನಡತೆ ತಿದ್ದಿಕೊಂಡಿರುವುದೇ ಅದರ ಗುರುತು ಎಂದು ಬಹುತೇಕ ಬೋಧಕರು ಹೇಳಿದರು. ಹಾಗೆ ಹೇಳಿದರೆ ನಡತೆಯಿಂದಲೇ ರಕ್ಷಣೆ ಎಂಬ "ಕ್ರಿಯೆಗಳ ಒಡಂಬಡಿಕೆ"ಯನ್ನೇ ಹಿಂಬಾಗಿಲಿನಿಂದ ಮತ್ತೆ ತಂದಂತಾಯಿತು, ಇಂಥವರು ಬೋಧಿಸುವುದು ಕೃಪೆಯನ್ನಲ್ಲ ಎಂದು ಹಚಿನ್ಸನ್ ವಾದಿಸಿದರು. ಕಾಟನ್ ಮತ್ತು ತನ್ನ ಬಂಧು ವೀಲ್‌ರೈಟ್ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ದಾರಿ ತಪ್ಪಿದ್ದಾರೆ ಎಂಬಲ್ಲಿಗೆ ಆ ಮಾತು ಮುಟ್ಟಿತು. ಇದು ಕೂದಲು ಸೀಳುವ ಚರ್ಚೆಯಲ್ಲ. ನಾನು ರಕ್ಷಣೆ ಹೊಂದಿದವನೇ ಎಂಬ ಭಯದಲ್ಲಿ ರಾತ್ರಿ ನಿದ್ದೆಗೆಟ್ಟವರಿಗೆ ಆಕೆಯ ಮಾತು ಬಿಡುಗಡೆಯಂತೆ ಕೇಳಿಸಿರಬೇಕು. ಆಕೆಯ ತಂದೆಯೂ ಪಾದ್ರಿ. ಬಿಷಪ್‌ಗಳು ಅಯೋಗ್ಯರನ್ನು ಸಭಾಪಾಲಕರನ್ನಾಗಿ ಮಾಡುತ್ತಿದ್ದಾರೆಂದು ಆಡಿದ್ದಕ್ಕಾಗಿ ಇಂಗ್ಲೆಂಡಿನಲ್ಲಿ ಸೆರೆಮನೆ ಕಂಡವರು.

ಇನ್ನು ವಿಂಥ್ರಾಪ್ ಕಡೆಯಿಂದ ನೋಡಿ. 1630ರಲ್ಲಿ ಬಂದವರು ಇಡೀ ಸಮುದಾಯವಾಗಿ ದೇವರೊಂದಿಗೆ ಒಡಂಬಡಿಕೆ ಮಾಡಿಕೊಂಡಿದ್ದೇವೆ ಎಂದು ನಂಬಿದ್ದರು. ಬೆಟ್ಟದ ಮೇಲಿನ ಊರಿನಂತೆ ಲೋಕದ ಕಣ್ಣೆಲ್ಲ ತಮ್ಮ ಮೇಲಿದೆ, ಒಡಂಬಡಿಕೆ ಮುರಿದರೆ ದೇವರ ಕೋಪ ಒಬ್ಬಿಬ್ಬರ ಮೇಲಲ್ಲ, ಎಲ್ಲರ ಮೇಲೆ ಎರಗುತ್ತದೆ ಎಂಬುದು ವಿಂಥ್ರಾಪ್ ಅವರ ಪ್ರಸಿದ್ಧ ಬೋಧನೆಯ ಸಾರ. ಹಾಗೆ ನಂಬಿದವರಿಗೆ ನೆರೆಮನೆಯ ತಪ್ಪು ಬೋಧನೆ ನೆರೆಮನೆಯ ವಿಷಯವಾಗಿ ಉಳಿಯುವುದಿಲ್ಲ. ದೋಣಿಯಲ್ಲಿ ಒಬ್ಬ ತನ್ನ ಕಾಲಡಿಯ ಹಲಗೆಗೇ ತೂತು ಕೊರೆದರೂ ಮುಳುಗುವುದು ಎಲ್ಲರೂ. ಈ ನಂಬಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಅವರನ್ನು ಕಪಟಿಗಳೆಂದು ಕರೆದು ಮುಗಿಸಬಾರದು ಎಂದಷ್ಟೇ ನನ್ನ ಕೋರಿಕೆ.

ನಿವೃತ್ತ ಇತಿಹಾಸ ಮೇಷ್ಟ್ರು

ಒಪ್ಪಿದೆ. ನಾನು ಶುದ್ಧಿ ಎಂದು ಒಂದೇ ಶಬ್ದದಲ್ಲಿ ಹೇಳಿದ್ದಕ್ಕೆ ನೀವು ಜೀವ ತುಂಬಿದಿರಿ. ಆದರೂ ನಂಬಿಕೆಯ ಜೊತೆಗೆ ರಾಜ್ಯದ ಭಯವನ್ನೂ ಸೇರಿಸದಿದ್ದರೆ ಚಿತ್ರ ಪೂರ್ಣವಾಗದು.

1636ರ ಚುನಾವಣೆಯಲ್ಲಿ ಗವರ್ನರ್ ಆದವರು ಹೆನ್ರಿ ವೇನ್ ಎಂಬ ಇಪ್ಪತ್ತರ ಹರೆಯದ ತರುಣ, ಹಚಿನ್ಸನ್ ಅವರ ಬೆಂಬಲಿಗ. 1637ರ ಮೇ ತಿಂಗಳಲ್ಲಿ ವೇನ್ ಅವರನ್ನು ಸೋಲಿಸಿ ವಿಂಥ್ರಾಪ್ ಮತ್ತೆ ಅಧಿಕಾರಕ್ಕೆ ಬಂದರು. ಬಂದೊಡನೆ, ಹೊಸದಾಗಿ ಬಂದ ಯಾರೂ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಮೂರು ವಾರಕ್ಕಿಂತ ಹೆಚ್ಚು ನೆಲೆಸಬಾರದೆಂದು ಕಾನೂನು ಮಾಡಿದರು. ಅದೇ ವೇಳೆಗೆ ಪೀಕ್ವಾಟ್ ಎಂಬ ಮೂಲನಿವಾಸಿ ಜನರೊಡನೆ ಯುದ್ಧ ನಡೆದಿತ್ತು. ಸೈನ್ಯದ ಜೊತೆ ಹೊರಟ ಬೋಧಕ ವಿಲ್ಸನ್ ಕ್ರಿಯೆಗಳ ಒಡಂಬಡಿಕೆಯವನು ಎಂಬ ಕಾರಣಕ್ಕೆ ಬಾಸ್ಟನ್ನಿನ ಸಭೆಯವರು ಆ ದಂಡಿಗೆ ಉತ್ಸಾಹದಿಂದ ಜನ ಕೊಡಲಿಲ್ಲವೆಂದು ವಿಂಥ್ರಾಪ್ ದೂರುತ್ತಾರೆ. ದೇವತಾಶಾಸ್ತ್ರದ ಒಂದು ಭೇದ ಸೈನ್ಯದ ಭರ್ತಿಯನ್ನೇ ತಡೆಯಿತೆಂದರೆ ಆಳುವವರಿಗೆ ಅದು ಬಂಡಾಯವಾಗಿಯೇ ಕಾಣುತ್ತದೆ.

ನವೆಂಬರಿನಲ್ಲಿ ವೀಲ್‌ರೈಟ್ ಪರವಾಗಿ ಅರ್ಜಿಗೆ ಸಹಿ ಹಾಕಿದವರ ಮತ್ತು ಅವರ ಜೊತೆಗಾರರ ಬಂದೂಕು, ಕತ್ತಿ, ಮದ್ದುಗಳನ್ನು ಒಪ್ಪಿಸಬೇಕೆಂಬ ಆಜ್ಞೆಯಾಯಿತು. ಬಾಸ್ಟನ್ನಿನಲ್ಲೇ 58 ಮಂದಿ. ಆಜ್ಞೆಯಲ್ಲಿ ಕೊಟ್ಟ ಕಾರಣವನ್ನು ಗಮನಿಸಿ: ಹಿಂದೆ ಜರ್ಮನಿಯಲ್ಲಿ ಆದಂತೆ ಇವರೂ ಯಾವುದೋ ದೈವಪ್ರೇರಣೆಯೆಂದು ಹೇಳಿಕೊಂಡು ತಮಗೆ ಭಿನ್ನವಾದವರ ಮೇಲೆ ಹಠಾತ್ತನೆ ಬೀಳಬಹುದು ಎಂದು. ಜರ್ಮನಿ ಎಂದರೆ ಇಲ್ಲಿ ಮ್ಯೂನ್‌ಸ್ಟರ್. 1534-35ರಲ್ಲಿ ಅನಾಬ್ಯಾಪ್ಟಿಸ್ಟರೆಂಬ ಕ್ರೈಸ್ತ ಪಂಥದವರು ಆ ಊರನ್ನು ವಶಪಡಿಸಿಕೊಂಡು, ದೇವರ ಅಪ್ಪಣೆ ಎಂದು ಆಳಿ, ಕೊನೆಗೆ ರಕ್ತದ ಮಡುವಿನಲ್ಲಿ ಮುಗಿದುಹೋದ ಸಂಗತಿ ಯೂರೋಪಿನ ಆಳುವವರನ್ನೆಲ್ಲ ನೂರು ವರ್ಷ ಕಾಡಿತು. ಹಚಿನ್ಸನ್ ಬಾಯಿಂದ "ದೇವರು ನನಗೆ ನೇರವಾಗಿ ತಿಳಿಸಿದ" ಎಂಬ ಮಾತು ಬಿದ್ದಾಗ ನ್ಯಾಯಪೀಠ ಕೇಳಿಸಿಕೊಂಡದ್ದು ಮ್ಯೂನ್‌ಸ್ಟರಿನ ಕೂಗನ್ನು.

ಕಾಳಿ ನದಿ ದಂಡೆ

1637 ಎಂಬ ವರ್ಷ ಮೇಲಿಂದ ಮೇಲೆ ಬರುತ್ತಿರುವುದರಿಂದ ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ಸಣ್ಣ ಸಂಗತಿಯನ್ನು ಸೇರಿಸಲು ಅನುಮತಿ ಬೇಡುತ್ತೇನೆ. ಒಂದನೆಯ ಚಾರ್ಲ್ಸ್ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನೇ ಕರೆಯದೆ ಆಳಿದ. ತೆರಿಗೆಗೆ ಒಪ್ಪಿಗೆ ಕೊಡಬೇಕಾದ ಸಭೆಯನ್ನೇ ಮುಚ್ಚಿದ್ದರಿಂದ ಹಣಕ್ಕಾಗಿ ಸನ್ನದುಗಳನ್ನೂ ಏಕಸ್ವಾಮ್ಯಗಳನ್ನೂ ಹಂಚಿದ. ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಮಾತನ್ನೂ ಮುರಿದು 1635ರ ಡಿಸೆಂಬರಿನಲ್ಲಿ ಕೋರ್ಟೀನ್ ಎಂಬ ವರ್ತಕನ ಸಂಘಕ್ಕೆ ಪೂರ್ವದೇಶಗಳ ವ್ಯಾಪಾರದ ಸನ್ನದು ಕೊಟ್ಟ, ಅದರಲ್ಲಿ ತಾನೂ ಪಾಲುದಾರನಾದ. ಆ ಸಂಘದ ಹಡಗುಗಳೇ 1637ರಲ್ಲಿ ಭಟ್ಕಳಕ್ಕೆ ಬಂದು, ಅವರ ಕಡೆಯವರು ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೀರಭದ್ರ ನಾಯಕನನ್ನು ಕಂಡರು. ಮರುವರ್ಷ ಕಾರವಾರದಲ್ಲಿ ಕೋಠಿ ತೆರೆದರು. ಲಾಡ್‌ನ ಕಾಟಕ್ಕೆ ಜನ ಪಶ್ಚಿಮಕ್ಕೆ ಹಡಗು ಹತ್ತುತ್ತಿದ್ದ ದಿನಗಳಲ್ಲೇ, ಅದೇ ರಾಜನ ಬೊಕ್ಕಸದ ಅವಸರ ಇನ್ನೊಂದು ಹಡಗನ್ನು ನಮ್ಮ ಬಂದರಿಗೆ ತಂದಿತ್ತು. ಇಷ್ಟೇ. ಚರ್ಚೆ ಮುಂದುವರಿಯಲಿ.

ಕಾನೂನು ವಿದ್ಯಾರ್ಥಿನಿ

ಬಲ್ಮಠದ ಅಣ್ಣನವರ ದೋಣಿಯ ಹೋಲಿಕೆ ಓದಿದಾಗ ರೋಜರ್ ವಿಲಿಯಮ್ಸ್ ನೆನಪಾದರು, ಏಕೆಂದರೆ ಆತನೂ ಹಡಗಿನ ಹೋಲಿಕೆಯನ್ನೇ ಕೊಟ್ಟು ಬೇರೆಯದೇ ತೀರ್ಮಾನಕ್ಕೆ ಬಂದವರು. ಈ ಚರ್ಚೆಯಲ್ಲಿ ಅವರ ಹೆಸರು ಇನ್ನೂ ಬಾರದಿರುವುದು ನನಗೆ ಆಶ್ಚರ್ಯ.

1631ರಲ್ಲಿ ಬಾಸ್ಟನ್ನಿಗೆ ಬಂದ ಈ ತರುಣ ಬೋಧಕನನ್ನು ಅಲ್ಲಿನ ಸಭೆ ಕೈಬೀಸಿ ಕರೆಯಿತು. ಇಂಗ್ಲೆಂಡಿನ ಸಭೆಯಿಂದ ನೀವು ಪೂರ್ತಿ ಬೇರೆಯಾಗಿಲ್ಲ, ಆದ್ದರಿಂದ ನೀವು ಸಾಕಷ್ಟು ಶುದ್ಧರಲ್ಲ ಎಂದು ವಿಲಿಯಮ್ಸ್ ನಿರಾಕರಿಸಿದರು. ಅಂದರೆ ಅವರು ಉದಾರಿಯಾಗಿ ಹೊರಟವರಲ್ಲ, ಉಳಿದವರಿಗಿಂತ ಕಟ್ಟುನಿಟ್ಟಿನವರಾಗಿ ಹೊರಟವರು. ಆ ಕಟ್ಟುನಿಟ್ಟೇ ಅವರನ್ನು ಯಾರೂ ನಿರೀಕ್ಷಿಸದ ಕಡೆಗೆ ಒಯ್ದಿತು. ಬಲವಂತದಿಂದ ಮಾಡಿಸಿದ ಆರಾಧನೆ ದೇವರ ಮೂಗಿಗೆ ದುರ್ವಾಸನೆ, ಹಾಗಾಗಿ ಹತ್ತು ಆಜ್ಞೆಗಳಲ್ಲಿ ದೇವರಿಗೆ ಸಂಬಂಧಿಸಿದ ಮೊದಲ ನಾಲ್ಕರ ವಿಷಯದಲ್ಲಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರವೇ ಇಲ್ಲ ಎಂದರು. ಕಳ್ಳತನ, ಕೊಲೆಗಳನ್ನು ಆಳುವವರು ಶಿಕ್ಷಿಸಲಿ, ನಂಬಿಕೆಯನ್ನು ಮುಟ್ಟಕೂಡದು. ಇನ್ನೊಂದು ಮಾತನ್ನೂ ಆಡಿದರು: ಈ ನೆಲ ಇಲ್ಲಿನ ಮೂಲನಿವಾಸಿಗಳದು, ಇಂಗ್ಲೆಂಡಿನ ರಾಜ ತನ್ನದಲ್ಲದ್ದನ್ನು ಸನ್ನದು ಬರೆದು ಕೊಡಲಾರ.

1635ರ ಅಕ್ಟೋಬರಿನಲ್ಲಿ ಗಡೀಪಾರಿನ ಆಜ್ಞೆಯಾಯಿತು. ಇಂಗ್ಲೆಂಡಿಗೆ ಹೋಗುವ ಹಡಗಿಗೆ ಹಾಕಲು ಜನ ಬರುವ ಮೊದಲೇ, 1636ರ ಜನವರಿಯ ಹಿಮದಲ್ಲಿ ಅವರು ಮನೆ ಬಿಟ್ಟರು. ನ್ಯಾರಗ್ಯಾನ್ಸೆಟ್ ಎಂಬ ಮೂಲನಿವಾಸಿ ಜನರ ಒಡೆಯರಾದ ಕನೋನಿಕಸ್ ಮತ್ತು ಮಿಯಾಂಟನೋಮಿ ಅವರಿಂದ ನೆಲ ಪಡೆದು ಪ್ರಾವಿಡೆನ್ಸ್ ಎಂಬ ಊರು ಕಟ್ಟಿದರು. ಹಚಿನ್ಸನ್ ಮತ್ತು ಅವರ ಬಳಗ 1638ರಲ್ಲಿ ಹೋಗಿ ನೆಲೆಸಿದ್ದೂ ಆ ಮಗ್ಗುಲಿನ ಅಕ್ವಿಡ್ನೆಕ್ ದ್ವೀಪದಲ್ಲಿ.

1644ರಲ್ಲಿ ಲಂಡನ್ನಿನಲ್ಲಿದ್ದಾಗ ವಿಲಿಯಮ್ಸ್ ಕಾಟನ್‌ರ ವಾದವನ್ನು ಖಂಡಿಸಿ, ಯೆಹೂದ್ಯರಿಗೂ ತುರ್ಕರಿಗೂ ಇತರ ಅನ್ಯಮತೀಯರಿಗೂ ಆರಾಧನೆಯ ಸ್ವಾತಂತ್ರ್ಯವಿರಬೇಕೆಂದು ಪುಸ್ತಕ ಬರೆದರು. ರಾಜನ ವಿರುದ್ಧ ಬಂಡೆದ್ದಿದ್ದ ಪಾರ್ಲಿಮೆಂಟೇ ಅದನ್ನು ಬಹಿರಂಗವಾಗಿ ಸುಡಲು ಆಜ್ಞೆ ಮಾಡಿತು. 1655ರಲ್ಲಿ ಪ್ರಾವಿಡೆನ್ಸಿನ ಜನರಿಗೆ ಬರೆದ ಪತ್ರದಲ್ಲಿ ಬರುವುದು ಆ ಹಡಗು. ಒಂದೇ ಹಡಗಿನಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟಂಟರು, ಯೆಹೂದ್ಯರು, ತುರ್ಕರು ಇದ್ದಾರೆ. ಯಾರನ್ನೂ ಹಡಗಿನ ಪ್ರಾರ್ಥನೆಗೆ ಎಳೆದು ತರಬಾರದು, ಯಾರ ಪ್ರಾರ್ಥನೆಯನ್ನೂ ತಡೆಯಬಾರದು. ಆದರೆ ಹಡಗಿನ ದಿಕ್ಕು, ಶಿಸ್ತು, ಕೆಲಸ, ಖರ್ಚು ಇವು ಕಪ್ತಾನನ ಅಧೀನ, ಅಲ್ಲಿ ಅಂತಃಸಾಕ್ಷಿಯ ನೆಪ ಹೇಳುವಂತಿಲ್ಲ. ನಂಬಿಕೆ ಬೇರೆಯಾದರೆ ಹಡಗು ಮುಳುಗುತ್ತದೆ ಎಂಬ ನಂಬಿಕೆಯನ್ನೇ ಆತ ಕಿತ್ತುಹಾಕಿದರು.

ಹೊಲದ ಬದು

ವಿಲಿಯಮ್ಸ್ ಬಗ್ಗೆ ನನಗೂ ಗೌರವವಿದೆ. ಆದರೆ ಅಂತಃಸಾಕ್ಷಿಯ ಈ ಇಡೀ ಕಥನ ಯಾರ ನೆಲದ ಮೇಲೆ ನಡೆಯಿತೋ ಅವರು ಇಲ್ಲಿ ಎರಡು ಸಾಲಿನಲ್ಲಿ ಬಂದು ಹೋಗುತ್ತಿದ್ದಾರೆ. ಹಚಿನ್ಸನ್ ವಿಚಾರಣೆಗೆ ಆರು ತಿಂಗಳು ಮೊದಲು, 1637ರ ಮೇ 26ರ ಬೆಳಗಿನ ಜಾವ, ಮಿಸ್ಟಿಕ್ ನದಿಯ ಬಳಿಯ ಪೀಕ್ವಾಟರ ಕೋಟೆಯೂರಿಗೆ ಇಂಗ್ಲಿಷ್ ಸೈನಿಕರು ಬೆಂಕಿಯಿಟ್ಟರು. ಹೊರಗೆ ಓಡಿಬಂದವರನ್ನು ಕೊಂದರು. ಸತ್ತ ನೂರಾರು ಜನರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಈ ಯುದ್ಧಕ್ಕೆ ನ್ಯಾರಗ್ಯಾನ್ಸೆಟರ ಬೆಂಬಲ ದೊರಕಿಸಿಕೊಟ್ಟವರು, ಗಡೀಪಾರಾಗಿದ್ದ ಇದೇ ವಿಲಿಯಮ್ಸ್. ಮರುವರ್ಷದ ಒಪ್ಪಂದದಲ್ಲಿ ಪೀಕ್ವಾಟ್ ಎಂಬ ಹೆಸರನ್ನೇ ಬಳಸದಂತೆ ಮಾಡಿದರು.

ಮತಾಂತರಗೊಂಡವರ ಗತಿಯಾದರೂ ಏನಾಯಿತು ನೋಡಿ. ಜಾನ್ ಎಲಿಯಟ್ ಎಂಬ ಬೋಧಕ 1651ರಿಂದ ನೇಟಿಕ್ ಮೊದಲಾದ "ಪ್ರಾರ್ಥನಾ ಗ್ರಾಮ"ಗಳನ್ನು ಕಟ್ಟಿ, 1663ರಲ್ಲಿ ಮೂಲನಿವಾಸಿಗಳ ನುಡಿಯಲ್ಲೇ ಇಡೀ ಬೈಬಲನ್ನು ಅಚ್ಚು ಮಾಡಿಸಿದರು. 1675ರಲ್ಲಿ ಮತ್ತೊಂದು ಯುದ್ಧ ಬಂದಾಗ, ಪ್ಯೂರಿಟನ್ನರ ದೇವರನ್ನೇ ಪ್ರಾರ್ಥಿಸುತ್ತಿದ್ದ ಆ ಜನರನ್ನು ಬಾಸ್ಟನ್ ಬಂದರಿನ ಡಿಯರ್ ದ್ವೀಪಕ್ಕೆ ಸಾಗಿಸಿ ಕೂಡಿಹಾಕಿದರು. ಚಳಿಗಾಲದಲ್ಲಿ ಹಸಿವಿನಿಂದ ಚಳಿಯಿಂದ ಬಹಳ ಮಂದಿ ಸತ್ತರು. ಅಲ್ಲಿ ತಪ್ಪು ನಂಬಿಕೆಯ ಪ್ರಶ್ನೆ ಇರಲಿಲ್ಲ. ಹಚಿನ್ಸನ್ ಕೊನೆಯೂ ಈ ನೆಲದ ಜಗಳದಲ್ಲೇ ಆಯಿತು. ಗಂಡ ತೀರಿಕೊಂಡ ಮೇಲೆ ಡಚ್ಚರ ವಸಾಹತಿಗೆ ಹೋದ ಆಕೆ, ಡಚ್ ಗವರ್ನರ್ ಕೀಫ್ಟ್ ಹೊತ್ತಿಸಿದ ಯುದ್ಧದಲ್ಲಿ 1643ರಲ್ಲಿ ಮಕ್ಕಳೊಡನೆ ಹತರಾದರು. ಇದನ್ನು ಬಾಸ್ಟನ್ನಿನವರು ದೇವರ ತೀರ್ಪೆಂದು ಬರೆದುಕೊಂಡರು. ಮಿಸ್ಟಿಕ್‌ನ ಬೆಂಕಿಯನ್ನೂ ಹಾಗೆಯೇ ಬರೆದುಕೊಂಡಿದ್ದರು.

ಬಾಸ್ಟನ್ ಪಕ್ಕದೂರಿನವನು

ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಡಿಯರ್ ದ್ವೀಪ ನನಗೆ ಗೊತ್ತು, ಮಗನನ್ನು ಅಲ್ಲಿಗೆ ನಡೆದಾಡಲು ಕರೆದುಕೊಂಡು ಹೋಗಿದ್ದೇನೆ. ಇನ್ನು ಅಲ್ಲಿಗೆ ಹೋದಾಗ ಇದನ್ನೂ ಹೇಳುತ್ತೇನೆ.

ಮೇರಿ ಡಯರ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಅಮ್ಮನ ಪ್ರಶ್ನೆ ಆಕೆಯದೇ ಆಗಿತ್ತು. ಗಡೀಪಾರಿನಿಂದ ಗಲ್ಲಿನವರೆಗೆ ಆಳುವವರು ಹೋದದ್ದು ಹೇಗೆ?

ನಿವೃತ್ತ ಇತಿಹಾಸ ಮೇಷ್ಟ್ರು

ಮೆಟ್ಟಿಲು ಮೆಟ್ಟಿಲಾಗಿ ಹೋದರು. 1638ರ ಮಾರ್ಚಿನಲ್ಲಿ ಹಚಿನ್ಸನ್ ಅವರನ್ನು ಸಭೆಯಿಂದಲೂ ಬಹಿಷ್ಕರಿಸಿದಾಗ, ಎದ್ದು ಅವರ ಜೊತೆ ಹೊರನಡೆದ ತರುಣಿ ಈ ಮೇರಿ ಡಯರ್. ಮುಂದೆ ಇಂಗ್ಲೆಂಡಿಗೆ ಹೋಗಿದ್ದಾಗ ಆಕೆ ಕ್ವೇಕರ್ ಆದರು. ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆ, ಪಾದ್ರಿಯೂ ಬೇಡ, ಪ್ರಮಾಣವಚನವೂ ಬೇಡ, ದೊಡ್ಡವರ ಮುಂದೆ ಟೋಪಿ ತೆಗೆಯುವುದೂ ಬೇಡ ಎನ್ನುತ್ತಿದ್ದ ಪಂಥ ಅದು. 1656ರ ಜುಲೈಯಲ್ಲಿ ಮೇರಿ ಫಿಶರ್, ಆನ್ ಆಸ್ಟಿನ್ ಎಂಬ ಇಬ್ಬರು ಕ್ವೇಕರ್ ಹೆಂಗಸರು ಬಾರ್ಬಡೋಸಿನಿಂದ ಬಾಸ್ಟನ್ನಿಗೆ ಬಂದಾಗ ಅವರ ಪುಸ್ತಕಗಳನ್ನು ಸುಟ್ಟು, ಐದು ವಾರ ಸೆರೆಯಲ್ಲಿಟ್ಟು ಹಡಗು ಹತ್ತಿಸಿದರು. ಆಮೇಲೆ ದಂಡ, ಛಡಿಯೇಟು, ಕಿವಿ. ಅವರು ಮತ್ತೆ ಮತ್ತೆ ಬಂದರು. 1658ರಲ್ಲಿ, ಗಡೀಪಾರಾಗಿ ಮರಳಿ ಬಂದರೆ ಮರಣ ಎಂಬ ಕಾನೂನಾಯಿತು.

1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್ಸನ್, ಮಾರ್ಮಡ್ಯೂಕ್ ಸ್ಟೀವನ್ಸನ್, ಮೇರಿ ಡಯರ್ ಮೂವರನ್ನೂ ಕರೆದೊಯ್ದರು. ಅವರ ಮಾತು ಜನಕ್ಕೆ ಕೇಳಿಸದಂತೆ ಡೋಲು ಬಡಿಸಿದರು. ಇಬ್ಬರನ್ನೂ ನೇಣಿಗೆ ಹಾಕಿದ ಮೇಲೆ, ಹಗ್ಗ ಕೊರಳಲ್ಲಿದ್ದಾಗಲೇ ಮೇರಿಗೆ ಕ್ಷಮೆ ಓದಿದರು. ಆಕೆಯನ್ನು ಅಂಜಿಸಿ ಬಿಡುವ ಈ ಏರ್ಪಾಡು ಮೊದಲೇ ಆಗಿತ್ತು. ಅಂತಹ ಕ್ಷಮೆ ಆಕೆಗೆ ಬೇಕಿರಲಿಲ್ಲ. ಮರುವರ್ಷ ಮರಳಿ ಬಂದರು. ಪತಿ ವಿಲಿಯಂ ಕಾಗದ ಬರೆದು ಬೇಡಿಕೊಂಡರೂ ಫಲವಾಗಲಿಲ್ಲ. 1660ರ ಜೂನ್ 1ರಂದು ಗಲ್ಲಾಯಿತು.

ಅದೇ ಹೊತ್ತಿಗೆ, ಪ್ರಾವಿಡೆನ್ಸ್ ಮತ್ತು ಅಕ್ವಿಡ್ನೆಕ್ ಸೇರಿದ ರೋಡ್ ಐಲೆಂಡ್ ವಸಾಹತು ಏನು ಮಾಡುತ್ತಿತ್ತು? ಕ್ವೇಕರರನ್ನು ಹೊರಹಾಕಿ ಎಂದು ನೆರೆಯ ವಸಾಹತುಗಳು 1657ರಲ್ಲಿ ಒತ್ತಾಯಿಸಿದಾಗ ಅಲ್ಲಿನ ಸರ್ಕಾರ, ಮಾತಿಗಾಗಿ ಶಿಕ್ಷಿಸುವ ಕಾನೂನು ನಮ್ಮಲ್ಲಿಲ್ಲ, ಅಲ್ಲದೆ ಅವರಿಗೆ ಬಾಯಿಬಿಟ್ಟು ಮಾತಾಡಲು ಬಿಟ್ಟು ವಾದದಿಂದಷ್ಟೇ ಎದುರಿಸುವ ಕಡೆ ಅವರು ಹೆಚ್ಚು ಹೊತ್ತು ನಿಲ್ಲಲು ಬಯಸುವುದಿಲ್ಲ ಎಂಬುದು ನಾವು ಕಂಡ ಸಂಗತಿ ಎಂದು ಉತ್ತರ ಬರೆಯಿತು. ವಿಲಿಯಮ್ಸ್ ಅವರಿಗೆ ಕ್ವೇಕರರ ಬೋಧನೆ ಕಿಂಚಿತ್ತೂ ಹಿಡಿಸದು. 1672ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಅವರೊಡನೆ ದಿನಗಟ್ಟಲೆ ಬಹಿರಂಗ ವಾದ ಮಾಡಿದರು. ಅಷ್ಟಕ್ಕೇ ನಿಂತರು.

ಬಾಸ್ಟನ್ನಿನ ಗಲ್ಲು ನಿಂತದ್ದು ಯಾರಿಂದ ಎಂಬುದೂ ಯೋಚಿಸಬೇಕಾದ ಸಂಗತಿ. 1661ರ ಮಾರ್ಚಿನಲ್ಲಿ ನಾಲ್ಕನೆಯವನಾಗಿ ವಿಲಿಯಂ ಲೆಡ್ರಾನನ್ನು ನೇಣಿಗೆ ಹಾಕಿದ ಮೇಲೆ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್ ಕಾಗದ ಕಳುಹಿಸಿ, ಕ್ವೇಕರರನ್ನು ಕೊಲ್ಲಬಾರದು, ಇಂಗ್ಲೆಂಡಿಗೆ ಕಳುಹಿಸಬೇಕು ಎಂದ. ಆ ಕಾಗದವನ್ನು ತಂದವನು ಸೇಲಂನಿಂದ ಗಡೀಪಾರಾಗಿದ್ದ ಸ್ಯಾಮ್ಯುಯೆಲ್ ಶಾಟಕ್ ಎಂಬ ಕ್ವೇಕರ್. ಗಲ್ಲು ನಿಂತಿತು, ಛಡಿಯೇಟು ನಿಲ್ಲಲಿಲ್ಲ. 1663ರಲ್ಲಿ ಅದೇ ರಾಜ ರೋಡ್ ಐಲೆಂಡಿಗೆ ಪೂರ್ಣ ಧಾರ್ಮಿಕ ಸ್ವಾತಂತ್ರ್ಯದ ಸನ್ನದು ಕೊಟ್ಟ. ಅದಕ್ಕಾಗಿ ಜಾನ್ ಕ್ಲಾರ್ಕ್ ಎಂಬ ಬ್ಯಾಪ್ಟಿಸ್ಟ್ ಬೋಧಕ ಹತ್ತು ವರ್ಷಕ್ಕೂ ಮಿಕ್ಕಿ ಲಂಡನ್ನಿನಲ್ಲಿ ಕಾದಿದ್ದರು. ಆದರೆ ಇದೇ ರಾಜನ ಇಂಗ್ಲೆಂಡಿನಲ್ಲಿ 1662ರಿಂದ ಕ್ವೇಕರರು ಸಾವಿರಾರು ಸಂಖ್ಯೆಯಲ್ಲಿ ಸೆರೆಮನೆ ಸೇರುತ್ತಿದ್ದರು. ಹಚಿನ್ಸನ್ ವಿರುದ್ಧ ಸಾಕ್ಷಿ ಹೇಳಿದ್ದ ಬೋಧಕ ಹ್ಯೂ ಪೀಟರ್ ಮತ್ತು ಆಕೆಯ ಪರ ನಿಂತಿದ್ದ ಹೆನ್ರಿ ವೇನ್, ಇಬ್ಬರೂ ಇಂಗ್ಲೆಂಡಿಗೆ ಮರಳಿ ಕ್ರಾಂತಿಯಲ್ಲಿ ಒಂದೇ ಪಕ್ಷದಲ್ಲಿದ್ದರು. ಇಬ್ಬರಿಗೂ ಈ ರಾಜ ಮರಣದಂಡನೆ ಕೊಡಿಸಿದ, ಒಬ್ಬರಿಗೆ 1660ರಲ್ಲಿ, ಇನ್ನೊಬ್ಬರಿಗೆ 1662ರಲ್ಲಿ.

ಬಲ್ಮಠದ ಓದುಗ

ಮೇಷ್ಟ್ರೇ, ಹಾಗಾದರೆ ಸಹಿಷ್ಣುತೆ ಬಂದದ್ದು ರಾಜಕೀಯದ ಅನುಕೂಲದಿಂದ ಎಂದು ನೀವು ಹೇಳುತ್ತಿದ್ದೀರಾ? ನನಗೆ ಅರ್ಧ ಮಾತ್ರ ಒಪ್ಪಿಗೆ. ರಾಜ ಸಹಿ ಹಾಕಿದ್ದು ಅನುಕೂಲಕ್ಕಿರಬಹುದು. ಸಹಿಗೆ ಬೇಕಾದ ಮಾತುಗಳನ್ನು ಬರೆದವರು ವಿಲಿಯಮ್ಸ್, ಕ್ಲಾರ್ಕ್ ಅಂಥವರು, ಮೈಯೆಲ್ಲ ದೇವಭಯವಿದ್ದವರು. ನಂಬಿಕೆ ತಣ್ಣಗಾದ ಮೇಲೆ ಸಹನೆ ಹುಟ್ಟಿತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಇಲ್ಲಿ ಹುಟ್ಟಿದ್ದು ನಂಬಿಕೆಯ ಕಾವಿನಲ್ಲೇ.

ಕಾನೂನು ವಿದ್ಯಾರ್ಥಿನಿ

ಇದೇ ನನ್ನ ಅಭಿಪ್ರಾಯವೂ. ಒಂದು ಮಾಹಿತಿ: ವಿಲಿಯಮ್ಸ್ ಮೇಲಿನ ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸ್ ಶಾಸನಸಭೆ 1936ರಲ್ಲಿ ರದ್ದುಪಡಿಸಿತು. ಹಚಿನ್ಸನ್ ಅವರದನ್ನು ಗವರ್ನರ್ ಡುಕಾಕಿಸ್ 1987ರಲ್ಲಿ ಹಿಂತೆಗೆದುಕೊಂಡರು, 350 ವರ್ಷಗಳ ನಂತರ.

ಬಾಸ್ಟನ್ ಪಕ್ಕದೂರಿನವನು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಕಂತು ಕಂತಾಗಿ ಓದಿ ಹೇಳಿದೆ. ಮೇರಿ ಡಯರ್ ಪ್ರತಿಮೆಯ ಪೀಠದ ಮೇಲಿರುವ ಮಾತಿನ ಅರ್ಥ ಕೇಳಿದರು. ಸತ್ಯದ ಬಿಡುಗಡೆಯ ಮುಂದೆ ನನ್ನ ಪ್ರಾಣ ಯಾವ ಲೆಕ್ಕಕ್ಕೂ ಇಲ್ಲ ಎಂದು ಬಿಡಿಸಿ ಹೇಳಿದೆ.

ಮೊನ್ನೆ ಶನಿವಾರ ಪ್ರತಿಮೆಗಳ ಬಳಿ ಮತ್ತೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ಕೆಲವೇ ನಿಮಿಷ ನಡೆದರೆ ಸಿಗುವ ಕಿಂಗ್ಸ್ ಚಾಪೆಲ್ ಸ್ಮಶಾನಕ್ಕೂ ಹೋಗಿದ್ದೆ. ವಿಂಥ್ರಾಪ್ ಮತ್ತು ಕಾಟನ್ ಇಬ್ಬರ ಸಮಾಧಿಗಳೂ ಅಲ್ಲಿವೆ. 1680ರ ದಶಕದಲ್ಲಿ ರಾಜನ ಗವರ್ನರ್ ಆಂಡ್ರೋಸ್ ಇಂಗ್ಲೆಂಡಿನ ಸಭೆಗಾಗಿ ಒಂದು ಆರಾಧನಾಲಯ ಕಟ್ಟಿಸಲು ನೆಲ ಕೇಳಿದಾಗ ಪ್ಯೂರಿಟನ್ನರು ಯಾರೂ ಮಾರಲಿಲ್ಲವಂತೆ. ಆತ ಸ್ಮಶಾನದ ಒಂದು ಮೂಲೆಯನ್ನೇ ತೆಗೆದುಕೊಂಡು ಕಟ್ಟಿಸಿದ. ಅಂದಿನ ಮರದ ಕಟ್ಟಡ ಈಗಿಲ್ಲ, ಅದೇ ಜಾಗದಲ್ಲಿ 1754ರ ಕಲ್ಲಿನ ಕಟ್ಟಡವಿದೆ. ಯಾವ ಪ್ರಾರ್ಥನಾ ಪುಸ್ತಕಕ್ಕೆ ಬೇಸತ್ತು ಅವರಿಬ್ಬರೂ ಕಡಲು ದಾಟಿದ್ದರೋ ಆ ಪುಸ್ತಕವನ್ನು ಅವರ ಸಮಾಧಿಗಳಿಂದ ಕೂಗಳತೆಯ ದೂರದಲ್ಲಿ ಮುಂದಿನ ನೂರು ವರ್ಷ ಓದಿದರು.